ಮುಂಡಗೋಡದ ತಿಬೇಟೀಯರೂ ಪರದೇಶದ ನೆರವೂ

ಧಾರವಾಡದ ಬಯಲುಸೀಮೆಯು ಮುಗಿದು ಮಲೆನಾಡಿನ ಅಡವಿಯು ಮೊದಲಾಗುವ ಮೇರೆಯಲ್ಲಿ ಮುಂಡಗೋಡವೆಂಬ ಊರಿರುವದು. ಹಳಿಯಾಳ, ಸೂಪಾ, ದಾಂಡೇಲಿಗಳಂತೆ ಈ ಪ್ರಾಂತವೂ ೧೯೫೬ರ ರಾಜ್ಯ ಪುನರ್ವಿಂಗಡಣೆಯ ವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದಿತು. ಸಾಗವಾನಿಯ ಮರಕ್ಕೂ ಮಲೇರಿಯಾ ಜ್ವರಕ್ಕೂ ಈ ಸೀಮೆಯು ಹೆಸರಾಗಿದ್ದಿತೇ ಹೊರತು ದೇಶವಿದೇಶಗಳ ರಾಜಕಾರಣಕ್ಕೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇಂದಾದರೋ ಹುಬ್ಬಳ್ಳಿಯಿಂದ ಶಿರಸಿಯ ಕಡೆಗೆ ಹೋಗುವ ಪ್ರವಾಸಿಯು ಮುಂಡಗೋಡವನ್ನು ಸಮೀಪಿಸುತ್ತಲೇ ಕಡುಗೆಂಪು ವಸ್ತ್ರವನ್ನು ಹೊದೆದ ಭಿಕ್ಷುಗಳನ್ನು ಕಾಣುತ್ತಾನೆ. ಕ್ಯಾಂಪುಗಳ ಕಡೆಗೆ ಹೊರಳಿದರೆ ಗೋವಿನಜೋಳದ ಹೊಲಗಳ ನಡುವೆ ಹೊಳೆಯುವ ವಿಹಾರಗಳ ಶಿಖರಗಳನ್ನು ಕಾಣುತ್ತಾನೆ. ಇದು ಡೋಗುಲಿಂಗ್ ಎಂಬ ತಿಬೇಟೀಯರ ವಸಾಹತು.

೨೦೨೫ನೆಯ ಇಸವಿಯ ಜನವರಿ ೨೦ನೆಯ ದಿವಸ ಡೊನಾಲ್ಡ್ ಟ್ರಂಪರು ಅಮೇರಿಕೆಯ ಅಧ್ಯಕ್ಷಪದವನ್ನು ಎರಡನೆಯ ಸಾರೆ ಸ್ವೀಕರಿಸಿದರು. ಅದೇ ದಿವಸ ಒಂದು ಆಜ್ಞೆಗೆ ಸಹಿ ಮಾಡಿದರು. ಪರದೇಶಗಳ ಅಭಿವೃದ್ಧಿಗಾಗಿ ಅಮೇರಿಕೆಯು ಕೊಡುತ್ತಿದ್ದ ನೆರವನ್ನು ತೊಂಬತ್ತು ದಿವಸಗಳ ವರೆಗೆ ತಡೆಹಿಡಿಯಬೇಕೆಂಬುದೇ ಅದರ ತಾತ್ಪರ್ಯ. ವಾಷಿಂಗ್ಟನ್ನಿನಲ್ಲಿ ಹಾಕಿದ ಒಂದು ಸಹಿಯು ಉತ್ತರ ಕನ್ನಡದ ಕಾಡಂಚಿನಲ್ಲಿ ನೆಲೆಸಿದ ಜನರಿಗೂ ಅವರ ಬಂಧುಬಾಂಧವರಿಗೂ ಚಿಂತೆಯನ್ನು ತಂದೊಡ್ಡಿದುದು ಹೇಗೆ? ಈ ಚಿಂತೆಯು ಅವರಿಗೆ ಹೊಸದೇ, ಹಳೆಯದೇ? ಈ ಪ್ರಶ್ನೆಗಳಿಗೆ ಉತ್ತರವನ್ನು ಕಾಣಬೇಕಾದರೆ ಅರುವತ್ತಾರು ವರ್ಷಗಳ ಇತಿಹಾಸವನ್ನು ಹಿಂದಿರುಗಿ ನೋಡುವದು ಅವಶ್ಯವಾಗಿದೆ.

೧೯೫೦ನೆಯ ಇಸವಿಯ ಅಕ್ಟೋಬರದಲ್ಲಿ ಚೀನೀ ಸೈನ್ಯವು ತಿಬೇಟದ ಪೂರ್ವಭಾಗವನ್ನು ಹೊಕ್ಕಿತು. ಮುಂದಿನ ವರ್ಷ ಹದಿನೇಳು ಕಲಮುಗಳ ಒಡಂಬಡಿಕೆಯೊಂದು ಆಯಿತು. ಆದರೆ ಆ ಒಡಂಬಡಿಕೆಯು ಶಾಂತಿಯನ್ನು ತರಲಿಲ್ಲ. ೧೯೫೯ರ ಮಾರ್ಚ ೧೦ರಂದು ಲ್ಹಾಸಾ ನಗರದಲ್ಲಿ ಜನರು ದಂಗೆಯೆದ್ದರು. ಅದೇ ತಿಂಗಳ ೧೭ರ ರಾತ್ರಿ ದಲಾಯಿ ಲಾಮಾರು ಅರಮನೆಯನ್ನು ಬಿಟ್ಟು, ೩೧ರಂದು ಭಾರತದ ಗಡಿಯನ್ನು ದಾಟಿ ಬಂದರು. ಅವರ ಹಿಂದೆ ಸುಮಾರು ಎಂಬತ್ತು ಸಾವಿರ ಜನರು ಹಿಮಾಲಯವನ್ನು ದಾಟಿದರು. ಅಸ್ಸಾಮದ ಮಿಸಾಮಾರಿಯಲ್ಲಿಯೂ ಬಂಗಾಲದ ಬಕ್ಸಾದುವಾರದಲ್ಲಿಯೂ ಅವರಿಗಾಗಿ ಶಿಬಿರಗಳು ತೆರೆಯಲ್ಪಟ್ಟವು. ಬಕ್ಸಾದ ಕೋಟೆಯು ಬ್ರಿಟಿಷರ ಕಾಲದಲ್ಲಿ ಸ್ವಾತಂತ್ರ್ಯ ಯೋಧರನ್ನು ಕೂಡಿಹಾಕುತ್ತಿದ್ದ ಸೆರೆಮನೆಯಾಗಿತ್ತು. ಅಲ್ಲಿ ಈಗ ಭಿಕ್ಷುಗಳು ಶಾಸ್ತ್ರಾಧ್ಯಯನವನ್ನು ಮುಂದುವರಿಸಿದರು. ಶೀತಪ್ರದೇಶದಿಂದ ಬಂದ ಅವರಲ್ಲಿ ಅನೇಕರು ಆ ತೇವದ ಸೆಕೆಯನ್ನು ತಾಳಲಾರದೆ ಕ್ಷಯಕ್ಕೆ ತುತ್ತಾದರು. ಮಿಕ್ಕ ಸಾವಿರಾರು ಜನರು ಹೆಂಡಿರು ಮಕ್ಕಳೊಡನೆ ಹಿಮಾಲಯದ ರಸ್ತೆಗಳಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆದರು.

ಆ ಮೊದಲ ದಿವಸಗಳಲ್ಲಿ ಅನ್ನಬಟ್ಟೆಗಳಿಗೆ ಕೊರತೆಯಾಗದಂತೆ ನೋಡಿಕೊಂಡವರಲ್ಲಿ ಸ್ವದೇಶದವರೂ ಇದ್ದರು, ಪರದೇಶದವರೂ ಇದ್ದರು. ಆಚಾರ್ಯ ಕೃಪಲಾನಿಯವರ ಅಧ್ಯಕ್ಷತೆಯಲ್ಲಿ ಕೇಂದ್ರೀಯ ಪರಿಹಾರ ಸಮಿತಿಯೊಂದು ಏರ್ಪಟ್ಟಿತು. ಅಮೇರಿಕೆ ಯುರೋಪುಗಳ ಧರ್ಮಸಂಸ್ಥೆಗಳು ಧಾನ್ಯ, ಹಾಲಿನ ಪುಡಿ, ಔಷಧಗಳನ್ನು ಕಳುಹಿಸಿದವು. ಆದರೆ ಶಿಬಿರದ ಅನ್ನವು ಮನುಷ್ಯನನ್ನು ಬದುಕಿಸಬಲ್ಲದೇ ಹೊರತು ಜನಾಂಗವನ್ನು ಉಳಿಸಲಾರದು. ಚದುರಿ ಹೋದ ಜನರು ಒಂದೆಡೆ ಸೇರಿ ತಮ್ಮ ಭಾಷೆಯನ್ನಾಡುತ್ತ, ತಮ್ಮ ಮಕ್ಕಳಿಗೆ ಕಲಿಸುತ್ತ ಬಾಳಬೇಕಾದರೆ ನೆಲ ಬೇಕಾಗಿತ್ತು. ಆದಕಾರಣ ಪ್ರಧಾನಮಂತ್ರಿ ಜವಾಹರಲಾಲ ನೆಹರೂರವರು ಭೂಮಿಯನ್ನು ಕೊಡುವಂತೆ ರಾಜ್ಯ ಸರಕಾರಗಳನ್ನು ಕೇಳಿಕೊಂಡರು. ಈ ಕರೆಗೆ ಮೈಸೂರು ರಾಜ್ಯವು ಉದಾರವಾಗಿ ಓಗೊಟ್ಟಿತು. ೧೯೬೦ರಲ್ಲಿ ಬೈಲಕುಪ್ಪೆಯ ಸುಮಾರು ಮೂರು ಸಾವಿರ ಎಕರೆ ಅಡವಿಯು ಅವರಿಗೆ ದೊರೆಯಿತು. ೧೯೬೬ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ಮುಂಡಗೋಡದ ಬಳಿಯ ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ ಎರಡನೆಯ ದೊಡ್ಡ ವಸಾಹತು ಮೊದಲಾಯಿತು. ಮುಂದೆ ಹುಣಸೂರು, ಕೊಳ್ಳೇಗಾಲಗಳಲ್ಲಿಯೂ ವಸಾಹತುಗಳಾದವು. ನಿರಾಶ್ರಿತರನ್ನು ಕುರಿತ ೧೯೫೧ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವು ಸಹಿ ಹಾಕಿದ ದೇಶವಲ್ಲವೆಂಬುದನ್ನು ನೆನೆದರೆ, ಯಾವ ಕಾನೂನಿನ ಕಟ್ಟೂ ಇಲ್ಲದೆ ಕೊಟ್ಟ ಈ ಭೂಮಿಯ ಬೆಲೆಯು ಇನ್ನಷ್ಟು ಹೆಚ್ಚೆನಿಸುವದು.

ಮುಂಡಗೋಡಕ್ಕೆ ಬಂದವರು ಕಂಡದ್ದು ಹೊಲವನ್ನಲ್ಲ, ಅಡವಿಯನ್ನು. ಹಿಮದ ನಾಡಿನಲ್ಲಿ ಜವೆಗೋದಿಯನ್ನು ಬೆಳೆದು ಚಮರೀಮೃಗಗಳನ್ನು ಮೇಯಿಸಿ ಗೊತ್ತಿದ್ದ ಜನರು ಇಲ್ಲಿ ಮರ ಕಡಿದು, ಬೇರು ಕಿತ್ತು, ಭತ್ತವನ್ನೂ ಗೋವಿನಜೋಳವನ್ನೂ ಬಿತ್ತುವದನ್ನು ಕಲಿಯಬೇಕಾಯಿತು. ಬೇಸಾಯದ ಹದವನ್ನು ಅವರಿಗೆ ತೋರಿಸಿಕೊಟ್ಟವರಲ್ಲಿ ಸುತ್ತಲಿನ ಹಳ್ಳಿಗಳ ಒಕ್ಕಲಿಗರೂ ಕೂಲಿಕಾರರೂ ಇದ್ದರು. ಸುಮಾರು ೧೯೬೯ರ ಹೊತ್ತಿಗೆ ಬಕ್ಸಾದ ಭಿಕ್ಷುಗಳು ದಕ್ಷಿಣಕ್ಕೆ ಬರತೊಡಗಿದರು. ೧೪೦೯ರಲ್ಲಿ ತ್ಸೋಂಗ್ಖಪಾರವರು ಸ್ಥಾಪಿಸಿದ ಗಾಂದೆನ್ ವಿಹಾರವೂ, ೧೪೧೬ರಲ್ಲಿ ಸ್ಥಾಪಿತವಾದ ದ್ರೆಪುಂಗ್ ವಿಹಾರವೂ ಈ ಪರಿಯಾಗಿ ಮುಂಡಗೋಡದಲ್ಲಿ ಮರುಹುಟ್ಟು ಪಡೆದವು. ಪಂಡಿತರೆನಿಸಿಕೊಂಡ ಭಿಕ್ಷುಗಳು ಹಗಲು ಗುದ್ದಲಿ ಹಿಡಿದು ಅಗೆದು, ರಾತ್ರಿ ತರ್ಕಶಾಸ್ತ್ರದ ವಾದವನ್ನು ನಡೆಯಿಸಿದರು.

ಈ ವಸಾಹತಿನ ಕಟ್ಟೋಣದಲ್ಲಿ ಮೂವರ ಪಾಲಿರುವದು: ನೆಲವು ಕರ್ನಾಟಕದ್ದು, ದುಡಿಮೆಯು ತಿಬೇಟೀಯರದು, ಬಂಡವಾಳದ ಬಹುಭಾಗವು ಪರದೇಶದ್ದು. ೧೯೬೬ರಲ್ಲಿ ಯುರೋಪಿನ ದೇಶಗಳು ನಿರಾಶ್ರಿತರಿಗಾಗಿ ಒಂದು ದೊಡ್ಡ ನಿಧಿಯನ್ನು ಕೂಡಿಸಿದವು. ಅದರಲ್ಲಿಯ ಒಂದು ಭಾಗವು ಭಾರತದ ತಿಬೇಟೀಯರಿಗೆ ಬಂದಿತು. ಇಂಥ ಹಣವನ್ನು ಕ್ರಮವಾಗಿ ವಿನಿಯೋಗಿಸುವದಕ್ಕಾಗಿ ೧೯೬೮ರಲ್ಲಿ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆಯು, ಎಂದರೆ ಇಂದು ಮೈರಾಡಾ ಎಂದು ಪ್ರಸಿದ್ಧವಾದ ಸಂಸ್ಥೆಯು, ಜನ್ಮತಾಳಿತು. ವಿಶ್ವಸಂಸ್ಥೆಯ ನಿರಾಶ್ರಿತರ ಶಾಖೆಯು ೧೯೬೯ರಲ್ಲಿ ದಿಲ್ಲಿಯಲ್ಲಿ ಕಚೇರಿಯನ್ನು ತೆರೆಯಿತು. ಈ ಹಣದಿಂದ ಆದುದೇನೆಂದು ನೋಡಿದರೆ ಮನೆಗಳು, ಬಾವಿಗಳು, ಟ್ರ್ಯಾಕ್ಟರುಗಳು, ಆಸ್ಪತ್ರೆ, ರತ್ನಗಂಬಳಿ ನೇಯುವ ಕೇಂದ್ರ, ಇವೆಲ್ಲವುಗಳ ಲೆಕ್ಕಪತ್ರವನ್ನು ನೋಡಿಕೊಳ್ಳುವ ಸಹಕಾರಿ ಸಂಘ. ಶಾಲೆಯ ಭಾರವನ್ನು ೧೯೬೧ರಲ್ಲಿ ಸ್ಥಾಪಿತವಾದ ಸಂಸ್ಥೆಯೊಂದರ ಮೂಲಕ ಭಾರತ ಸರಕಾರವೇ ಹೊತ್ತಿತು. ಹೀಗೆ ಬಂದ ಹಣವು ಕೂತು ಉಣ್ಣುವದಕ್ಕೆ ಆಗದೆ ದುಡಿಯುವ ಸಾಧನವಾಗಿ ಮಾರ್ಪಟ್ಟಿತು. ಇದು ಗಮನದಲ್ಲಿಡತಕ್ಕ ಸಂಗತಿ. ಏಕೆಂದರೆ ಅದೇ ಕಾಲದಲ್ಲಿ ಬೇರೊಂದು ಬಗೆಯ ನೆರವೂ ತಿಬೇಟೀಯರಿಗೆ ಬರುತ್ತಲಿದ್ದಿತು.

ಆ ಎರಡನೆಯ ನೆರವು ಗುಪ್ತವಾದುದು. ಅಮೇರಿಕೆಯ ಗೂಢಚಾರ ಇಲಾಖೆಯಾದ ಸಿ.ಐ.ಎ.ಯು ೧೯೫೦ರ ದಶಕದಿಂದಲೇ ತಿಬೇಟೀ ಯೋಧರಿಗೆ ಶಸ್ತ್ರಾಸ್ತ್ರ ಶಿಕ್ಷಣವನ್ನೂ ಹಣವನ್ನೂ ಒದಗಿಸುತ್ತಿದ್ದಿತು. ಅಮೇರಿಕೆಯ ಸರಕಾರವು ೧೯೯೮ರಲ್ಲಿ ಪ್ರಕಟಿಸಿದ ಹಳೆಯ ಕಾಗದಪತ್ರಗಳಿಂದ, ೧೯೬೪ರ ಸುಮಾರಿಗೆ ಈ ವೆಚ್ಚವು ವರ್ಷಕ್ಕೆ ೧೭ ಲಕ್ಷ ಡಾಲರುಗಳನ್ನು ಮೀರಿದ್ದಿತೆಂದೂ, ನೇಪಾಳದ ಮುಸ್ತಾಂಗ ಪ್ರಾಂತದಲ್ಲಿ ನೆಲೆನಿಂತ ೨,೧೦೦ ಯೋಧರ ಪೋಷಣೆಯು ಅದರಲ್ಲಿ ಸೇರಿದ್ದಿತೆಂದೂ, ದಲಾಯಿ ಲಾಮಾರ ಆಡಳಿತಕ್ಕೆಂದು ೧,೮೦,೦೦೦ ಡಾಲರುಗಳನ್ನು ತೆಗೆದಿರಿಸಲಾಗುತ್ತಿದ್ದಿತೆಂದೂ ತಿಳಿದುಬಂದಿತು. ತಿಬೇಟೀ ಆಡಳಿತವೂ ಇದನ್ನು ಅಲ್ಲಗಳೆಯಲಿಲ್ಲ. ಆದರೆ ಈ ಹಣವು ತಿಬೇಟದ ಮೇಲಣ ಪ್ರೀತಿಯಿಂದ ಬಂದುದಾಗಿರದೆ ಕಮ್ಯುನಿಸ್ಟ ಚೀನದ ಮೇಲಣ ವೈರದಿಂದ ಬಂದುದಾಗಿತ್ತು. ದಲಾಯಿ ಲಾಮಾರೇ ತಮ್ಮ ಆತ್ಮಚರಿತ್ರೆಯಲ್ಲಿ ಈ ಮಾತನ್ನು ಮರೆಮಾಚದೆ ಹೇಳಿರುವರು.

ವೈರವು ಅಳಿದೊಡನೆ ನೆರವೂ ಅಳಿಯಿತು. ೧೯೬೦ರ ದಶಕದ ಕೊನೆಯಿಂದಲೇ ಹಣವು ಕುಗ್ಗುತ್ತ ಬಂದಿತು. ೧೯೭೨ರ ಫೆಬ್ರುವರಿಯಲ್ಲಿ ಅಧ್ಯಕ್ಷ ನಿಕ್ಸನ್ನರು ಪೀಕಿಂಗಿಗೆ ಹೋಗಿ ಮಾವೋರವರ ಕೈಕುಲುಕಿದರು. ೧೯೭೪ರ ಹೊತ್ತಿಗೆ ಆ ಗುಪ್ತನಿಧಿಯು ಸಂಪೂರ್ಣವಾಗಿ ನಿಂತಿತು. ಅದೇ ವರ್ಷ ನೇಪಾಳದ ಸೈನ್ಯವು ಮುಸ್ತಾಂಗವನ್ನು ಸುತ್ತುವರಿಯಿತು. ಆಯುಧಗಳನ್ನು ಕೆಳಗಿಡಿರೆಂಬ ದಲಾಯಿ ಲಾಮಾರ ಧ್ವನಿಮುದ್ರಿತ ಸಂದೇಶವನ್ನು ಕೇಳಿ ಯೋಧರು ಶರಣಾಗತರಾದರು. ಕೆಲವರು ಈ ಅಪಮಾನವನ್ನು ತಾಳಲಾರದೆ ಪ್ರಾಣವನ್ನೇ ಕಳೆದುಕೊಂಡರು. ಹದಿನಾಲ್ಕು ವರ್ಷ ಪರ್ವತಗಳಲ್ಲಿ ಕಾದಿದ್ದ ಜನರಿಗೆ ಉಳಿದದ್ದು ಬರಿಗೈ ಮಾತ್ರ.

ಹೆಚ್ಚು ಕಡಿಮೆ ಅದೇ ಸಮಯಕ್ಕೆ, ೧೯೭೫ರಲ್ಲಿ, ವಿಶ್ವಸಂಸ್ಥೆಯ ನಿರಾಶ್ರಿತರ ಶಾಖೆಯೂ ದಿಲ್ಲಿಯ ಕಚೇರಿಯನ್ನು ಮುಚ್ಚಿತು. ಮುಂದೆ ಸುಮಾರು ೧೯೮೦ರ ಹೊತ್ತಿಗೆ ಮೈರಾಡಾ ಸಂಸ್ಥೆಯೂ ತಿಬೇಟೀಯರ ಕಾರ್ಯವನ್ನು ಮುಗಿಸಿ ಕನ್ನಡ ನಾಡಿನ ಬಡ ಹಳ್ಳಿಗರ ಕಡೆಗೆ ತಿರುಗಿತು. ಇಂದು ಮನೆಮಾತಾಗಿರುವ ಮಹಿಳಾ ಸ್ವಸಹಾಯ ಸಂಘಗಳ ಪದ್ಧತಿಯು ೧೯೮೦ರ ದಶಕದ ನಡುವೆ ರೂಪುಗೊಂಡುದರಲ್ಲಿ ಈ ಸಂಸ್ಥೆಯ ಕೈವಾಡವು ದೊಡ್ಡದು. ತಿಬೇಟೀಯರಿಗೆಂದು ಹುಟ್ಟಿದ ಸಂಸ್ಥೆಯೊಂದು ಕನ್ನಡಿಗರಿಗೆ ಉಳಿದುಬಂದಿತು. ಇತ್ತ ಮುಂಡಗೋಡದಲ್ಲಿ ಈ ಎಲ್ಲ ನಿರ್ಗಮನಗಳಿಂದ ವಸಾಹತು ಮುರಿದು ಬೀಳಲಿಲ್ಲ. ನೆಲವಿದ್ದಿತು, ಬಾವಿಯಿದ್ದಿತು, ಸಂಘವಿದ್ದಿತು. ಮುಸ್ತಾಂಗದ ಯೋಧನೂ ಮುಂಡಗೋಡದ ಒಕ್ಕಲಿಗನೂ ಒಂದೇ ಜನಾಂಗದವರು, ಒಂದೇ ದುಃಖವನ್ನು ಉಂಡವರು; ಆದರೆ ಒಬ್ಬನಿಗೆ ಬಂದ ನೆರವು ತಿಂಗಳು ತಿಂಗಳಿನ ವೇತನವಾಗಿತ್ತು, ಮತ್ತೊಬ್ಬನಿಗೆ ಬಂದುದು ಬೇರೂರಿದ ಗಿಡವಾಗಿತ್ತು. ನೀರೆರೆಯುವವನು ಹೊರಟುಹೋದಾಗ ಇವೆರಡರ ಭೇದವು ಬಯಲಾಯಿತು.

ಈ ಪಾಠವನ್ನು ತಿಬೇಟೀಯರು ಕಲಿಯದೆ ಇರಲಿಲ್ಲ. ೧೯೭೨ರಲ್ಲಿ ಅವರು ತಮ್ಮೊಳಗೇ ಒಂದು ಐಚ್ಛಿಕ ಕಾಣಿಕೆಯ ಪದ್ಧತಿಯನ್ನು ಹಾಕಿಕೊಂಡರು. ಪ್ರತಿಯೊಬ್ಬನೂ ವರ್ಷಕ್ಕೊಮ್ಮೆ ತನ್ನ ಪಾಲಿನ ಸಣ್ಣ ಮೊತ್ತವನ್ನು ಧರ್ಮಶಾಲೆಯ ಆಡಳಿತಕ್ಕೆ ಕೊಟ್ಟು, ಹಸಿರು ಹೊದಿಕೆಯ ಪುಸ್ತಕದಲ್ಲಿ ಗುರುತು ಮಾಡಿಸಿಕೊಳ್ಳುವನು. ದೇಶವಿಲ್ಲದವರಿಗೆ ಈ ಹಸಿರು ಪುಸ್ತಕವೇ ಪೌರತ್ವದ ಪತ್ರವಾಯಿತು. ಆದರೆ ಭೂಕಂದಾಯವಿಲ್ಲದ, ಸುಂಕದ ಕಟ್ಟೆಯಿಲ್ಲದ, ಗಣಿಯಾಗಲಿ ಬಂದರವಾಗಲಿ ಇಲ್ಲದ ಒಂದು ಆಡಳಿತವು ಕಾಣಿಕೆಯಿಂದಷ್ಟೇ ಶಾಲೆ ಆಸ್ಪತ್ರೆಗಳನ್ನು ನಡೆಯಿಸುವದು ದುಸ್ತರವೆಂಬುದೂ ಅಷ್ಟೇ ನಿಜ.

ಇದರ ಮೇಲೆ ನೆಲದ ಸಂಗತಿಯೂ ಮೊದಲಿನಂತೆ ಉಳಿಯಲಿಲ್ಲ. ವಸಾಹತಿನ ಭೂಮಿಯು ಸರಕಾರದಿಂದ ಗುತ್ತಿಗೆಯ ಮೇಲೆ ದೊರೆತುದು. ಅದನ್ನು ಮಾರುವ ಹಕ್ಕಿಲ್ಲ, ಅಂಗುಲವನ್ನಾದರೂ ಹೆಚ್ಚಿಸುವ ದಾರಿಯೂ ಇಲ್ಲ. ಮಕ್ಕಳು ಬೆಳೆದರು, ಮೊಮ್ಮಕ್ಕಳು ಹುಟ್ಟಿದರು. ಹೊಲವು ಅಷ್ಟೇ ಇದ್ದಿತು. ಮಳೆಯನ್ನೇ ನಂಬಿದ ಗೋವಿನಜೋಳವು ಒಂದು ಸಂಸಾರಕ್ಕೆ ಸಾಲದಾಯಿತು. ಆಗ ಅನೇಕ ಕುಟುಂಬಗಳು ಚಳಿಗಾಲ ಬರುತ್ತಲೇ ಲುಧಿಯಾನದ ವ್ಯಾಪಾರಿಗಳಿಂದ ಉದ್ದರಿಯ ಮೇಲೆ ಸ್ವೆಟರುಗಳನ್ನು ತಂದು, ಊರೂರುಗಳ ಬೀದಿಗಳಲ್ಲಿ ಮಾರತೊಡಗಿದವು. ಓದಿದ ತರುಣರು ಬೆಂಗಳೂರಿಗೂ ದಿಲ್ಲಿಗೂ, ಅಲ್ಲಿಂದ ಅಮೇರಿಕೆ ಯುರೋಪುಗಳಿಗೂ ಹೊರಟರು. ತಿಬೇಟೀ ಆಡಳಿತವು ೨೦೦೯ರಲ್ಲಿ ಮಾಡಿದ ಜನಗಣತಿಯ ಪ್ರಕಾರ ಭಾರತದಲ್ಲಿದ್ದವರು ೯೪,೨೦೩ ಜನರು. ಆಮೇಲೆ ಆ ಸಂಖ್ಯೆಯು ಇಳಿಯುತ್ತಲೇ ಬಂದಿದೆ.

ಈ ಕೊರತೆಯನ್ನು ತುಂಬುವದಕ್ಕೆಂದೇ ೧೯೮೦ರ ದಶಕದ ಕೊನೆಯಿಂದ ಅಮೇರಿಕೆಯ ನೆರವು ಮರಳಿ ಬಂದಿತು. ಈ ಸಾರೆ ಅದು ಗುಪ್ತವಾಗಿರದೆ ಬಹಿರಂಗವಾಗಿಯೇ ಇದ್ದಿತು. ೧೯೮೮ರಿಂದ ವಿದ್ಯಾರ್ಥಿವೇತನಗಳು ದೊರೆತವು. ಹೊಸದಾಗಿ ಗಡಿದಾಟಿ ಬಂದವರ ಸ್ವಾಗತ ಕೇಂದ್ರಗಳಿಗೆ ಹಣ ಬಂದಿತು. ೧೯೯೧ರಿಂದ ವಾಯ್ಸ್ ಆಫ್ ಅಮೇರಿಕಾ, ೧೯೯೬ರಿಂದ ರೇಡಿಯೋ ಫ್ರೀ ಏಶಿಯಾ ಎಂಬ ಬಾನುಲಿಗಳು ತಿಬೇಟೀ ಭಾಷೆಯಲ್ಲಿ ವಾರ್ತೆಯನ್ನು ಬಿತ್ತರಿಸಿದವು. ೨೦೦೨ರಲ್ಲಿಯೂ ೨೦೨೦ರಲ್ಲಿಯೂ ಅಮೇರಿಕೆಯ ಕಾಂಗ್ರೆಸು ತಿಬೇಟದ ಸಲುವಾಗಿ ಕಾನೂನುಗಳನ್ನು ಮಾಡಿತು. ೨೦೨೦ರ ಜೂನದಲ್ಲಿ ಯು.ಎಸ್. ಏಡ್ ಎಂಬ ಅಭಿವೃದ್ಧಿ ಸಂಸ್ಥೆಯು ಧರ್ಮಶಾಲೆಯ ಆಡಳಿತಕ್ಕೆ ಮೊದಲ ಸಾರೆ ನೇರವಾಗಿ ಸುಮಾರು ಹತ್ತು ಲಕ್ಷ ಡಾಲರುಗಳನ್ನು ಕೊಟ್ಟಿತು. ೨೦೨೩ರ ಆಯವ್ಯಯದಲ್ಲಿ ಭಾರತ ನೇಪಾಳಗಳ ತಿಬೇಟೀಯರಿಗೆಂದು ೮೦ ಲಕ್ಷ ಡಾಲರುಗಳನ್ನು ಗೊತ್ತುಪಡಿಸಲಾಗಿತ್ತು. ಭಾರತ ಸರಕಾರವೂ ೨೦೧೪ರಲ್ಲಿ ಪುನರ್ವಸತಿಯ ನೀತಿಯೊಂದನ್ನು ಪ್ರಕಟಿಸಿ, ಅನಂತರ ಐದು ವರ್ಷಗಳ ಅವಧಿಗೆ ೪೦ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು.

ಆದರೆ ಈ ಹೊಸ ನೆರವಿನ ಸ್ವರೂಪವು ಹಳೆಯದರಂತೆ ಇರಲಿಲ್ಲ. ಬಾವಿಯನ್ನು ಒಮ್ಮೆ ತೋಡಿದರೆ ಅದು ತೋಡಿದವನನ್ನು ಮರೆತು ನೀರು ಕೊಡುವದು. ದಾದಿಯ ಸಂಬಳ, ಔಷಧದ ಬೆಲೆ, ಶಿಕ್ಷಕನ ತರಬೇತಿ, ತರುಣನ ಉದ್ಯೋಗ ಶಿಕ್ಷಣ ಇವು ಹಾಗಲ್ಲ; ಇವುಗಳಿಗೆ ಪ್ರತಿವರ್ಷವೂ ಹಣ ಬೇಕು, ಪ್ರತಿವರ್ಷವೂ ದೂರದ ಶಾಸನಸಭೆಯೊಂದು ಕೈಯೆತ್ತಬೇಕು. ಇದರಲ್ಲಿ ತಿಬೇಟೀಯರ ತಪ್ಪೇನೂ ಇಲ್ಲ. ನೆಲವು ಬೆಳೆಯದೆ ಇದ್ದಾಗ ಜನರ ಬುದ್ಧಿಯನ್ನೂ ಆರೋಗ್ಯವನ್ನೂ ಬೆಳೆಯಿಸುವದೇ ಉಳಿದ ದಾರಿ. ಆದರೂ ಮುಸ್ತಾಂಗದ ಯೋಧರ ಅಪಾಯವು ಈ ದಾರಿಯಲ್ಲಿ ಮತ್ತೆ ಬಂದು ಸೇರಿಕೊಂಡಿತು.

೨೦೨೪ರ ಜುಲೈ ೧೨ರಂದು ಅಧ್ಯಕ್ಷ ಬೈಡನ್ನರು ತಿಬೇಟ ಚೀನಗಳ ವಿವಾದವು ಸಂಧಾನದಿಂದ ಮುಗಿಯಬೇಕೆಂಬ ಕಾನೂನಿಗೆ ಸಹಿ ಮಾಡಿದರು. ಆರು ತಿಂಗಳು ಕಳೆದ ಕೆಲವೇ ದಿವಸಗಳಲ್ಲಿ ಅದೇ ಗಾದಿಯಿಂದ ನೆರವನ್ನು ತಡೆಯುವ ಆಜ್ಞೆಯು ಹೊರಬಿದ್ದಿತು. ೨೦೨೫ರ ಮಾರ್ಚ ೧೦ರಂದು ಯು.ಎಸ್. ಏಡ್ ಸಂಸ್ಥೆಯ ಕಾರ್ಯಗಳಲ್ಲಿ ನೂರಕ್ಕೆ ೮೩ರಷ್ಟನ್ನು ರದ್ದು ಮಾಡಲಾಯಿತೆಂದು ವಿದೇಶಾಂಗ ಕಾರ್ಯದರ್ಶಿಗಳು ಸಾರಿದರು. ಲ್ಹಾಸಾದ ದಂಗೆಯ ವಾರ್ಷಿಕ ದಿನವೂ ಅದೇ ಆಗಿದ್ದುದು ಕೇವಲ ಕಾಕತಾಳೀಯ. ೧೯೬೧ರಲ್ಲಿ ಅಧ್ಯಕ್ಷ ಕೆನೆಡಿಯವರು ಸ್ಥಾಪಿಸಿದ ಆ ಸಂಸ್ಥೆಯು ಜುಲೈ ೧ರಿಂದ ನೆರವನ್ನು ಹಂಚುವ ಕಾರ್ಯವನ್ನೇ ನಿಲ್ಲಿಸಿತು. ಬಾನುಲಿಗಳ ತಿಬೇಟೀ ವಾರ್ತೆಗೂ ಮಾರ್ಚದಿಂದಲೇ ಕುತ್ತು ಬಂದಿತು. ತಿಬೇಟೀಯರ ಆರೋಗ್ಯ, ಶಿಕ್ಷಣ, ಜೀವನೋಪಾಯಗಳಿಗೆ ಸಂಬಂಧಿಸಿದ ಕಾರ್ಯಗಳು ಅರ್ಧಕ್ಕೆ ನಿಂತವು. ಜುಲೈ ತಿಂಗಳಲ್ಲಿ ಹಣದ ಒಂದು ಭಾಗವು ಮರಳಿ ದೊರೆಯುವದೆಂದು ತಿಬೇಟೀ ಆಡಳಿತದ ಮುಖ್ಯಸ್ಥರಾದ ಪೆನ್ಪಾ ತ್ಸೆರಿಂಗರು ತಿಳಿಸಿದರು. ಇದು ಸಮಾಧಾನದ ಸಂಗತಿಯೇ. ಆದರೆ ಕೊಟ್ಟದ್ದನ್ನು ಕಸಿದು ಮತ್ತೆ ಕೊಡುವ ಕೈಯನ್ನು ನೆಚ್ಚಿ ಮುಂದಿನ ವರ್ಷದ ಲೆಕ್ಕವನ್ನು ಬರೆಯುವವನಿಗೆ ನಿದ್ರೆ ಬಾರದು.

ಇಂಥ ತಡೆಯಿಂದ ಆಗುವ ಹಾನಿಯನ್ನು ಹಣದಿಂದಷ್ಟೇ ಅಳೆಯಲಾಗದು. ಕ್ಷಯರೋಗದ ಉದಾಹರಣೆಯನ್ನೇ ನೋಡಬಹುದು. ಬಕ್ಸಾದ ದಿವಸಗಳಿಂದ ಇಂದಿನ ವರೆಗೂ ಈ ರೋಗವು ತಿಬೇಟೀಯರ ಬೆನ್ನು ಬಿಟ್ಟಿಲ್ಲ. ಒತ್ತೊತ್ತಾಗಿ ವಾಸಿಸುವ ವಿಹಾರಗಳಲ್ಲಿಯೂ ಶಾಲೆಗಳ ವಸತಿಗೃಹಗಳಲ್ಲಿಯೂ ಅದು ಸುಲಭವಾಗಿ ಹರಡುವದು. ಸಾಧಾರಣ ಕ್ಷಯಕ್ಕೆ ಆರು ತಿಂಗಳು ಎಡೆಬಿಡದೆ ಔಷಧ ನಡೆಯಬೇಕು. ನಡುವೆ ನಿಂತರೆ ರೋಗವು ಔಷಧಕ್ಕೆ ಜಗ್ಗದಂತಾಗುವದು. ಆಗ ಚಿಕಿತ್ಸೆಯು ಬಹು ತಿಂಗಳ, ಬಹು ವೆಚ್ಚದ ಕೆಲಸವಾಗುವದು. ತೊಂಬತ್ತು ದಿವಸಗಳ ತಡೆಯೆಂಬುದು ಕಚೇರಿಯ ಕಡತದಲ್ಲಿ ಚಿಕ್ಕದು, ರೋಗಿಯ ಎದೆಯಲ್ಲಿ ದೊಡ್ಡದು. ಇದಕ್ಕೂ ಘೋರವಾದ ಸ್ಥಿತಿಯು ಬಾಂಗ್ಲಾದೇಶದ ಕಾಕ್ಸ್ ಬಜಾರದಲ್ಲಿದ್ದ ರೋಹಿಂಗ್ಯಾ ನಿರಾಶ್ರಿತರಿಗೆ ಒದಗುವದರಲ್ಲಿತ್ತು. ೨೦೨೫ರ ಮಾರ್ಚದಲ್ಲಿ ಅವರ ತಿಂಗಳ ಪಡಿಯನ್ನು ತಲೆಗೆ ಹನ್ನೆರಡೂವರೆ ಡಾಲರುಗಳಿಂದ ಆರಕ್ಕೆ ಇಳಿಸುವದಾಗಿ ವಿಶ್ವ ಆಹಾರ ಸಂಸ್ಥೆಯು ಸಾರಿತು. ತಿಂಗಳ ಕೊನೆಗೆ ಹೇಗೋ ಹಣವು ಒದಗಿ ಹನ್ನೆರಡು ಡಾಲರುಗಳಿಗೆ ನಿಂತಿತು. ಅಲ್ಲಿಯ ಜನರಿಗೆ ಉಳುವ ನೆಲವಿಲ್ಲ, ಹೊರಗೆ ದುಡಿಯುವ ಅನುಮತಿಯಿಲ್ಲ. ಆದುದರಿಂದ ಆರು ಡಾಲರುಗಳ ಭೇದವೇ ಅವರಿಗೆ ಹಸಿವಿನ ಭೇದವು. ಮುಂಡಗೋಡವು ಆ ಗತಿಗೆ ಬಾರದಿರುವದಕ್ಕೆ ಕಾರಣವು ೧೯೬೬ರ ನೆಲದಲ್ಲಿದೆ.

ಈ ವಿಷಯವು ತಿಬೇಟೀಯರಿಗಷ್ಟೇ ಸಂಬಂಧಿಸಿದುದೆಂದು ಸುತ್ತಲಿನ ಜನರು ತಿಳಿಯುವಂತಿಲ್ಲ. ಕ್ಯಾಂಪಿನ ಹೊಲಗಳಲ್ಲಿ ಕಳೆ ತೆಗೆಯುವವರು, ವಿಹಾರಗಳ ಗೋಡೆ ಕಟ್ಟುವವರು, ಹಾಲು ಕಾಯಿಪಲ್ಲೆ ಮಾರುವವರು, ಬಾಡಿಗೆಯ ಗಾಡಿ ಹೊಡೆಯುವವರು ಇವರೆಲ್ಲ ಮುಂಡಗೋಡದ ಹಳ್ಳಿಗರೇ. ಕ್ಯಾಂಪಿನ ಕೈ ಬಿಗಿಯಾದರೆ ಪೇಟೆಯ ಕೈಯೂ ಬಿಗಿಯಾಗುವದು. ತರುಣರು ಊರು ಬಿಟ್ಟು ಮುದುಕರಷ್ಟೇ ಉಳಿದರೆ ಹೊಲವನ್ನು ಉಳುವವರಾರೆಂಬ ಪ್ರಶ್ನೆಯೂ ಅಲ್ಲಿಯೇ ಇದೆ.

ಈ ಪ್ರಾಂತದ್ದೇ ಆದ ಇನ್ನೊಂದು ನೆಲೆತಪ್ಪಿದ ಕಥೆಯನ್ನು ಇಲ್ಲಿ ಮರೆಯಲಾಗದು. ಮುಂಡಗೋಡದಲ್ಲಿ ತಿಬೇಟೀಯರು ಬೇರೂರುತ್ತಿದ್ದ ೧೯೭೦, ೧೯೮೦ರ ದಶಕಗಳಲ್ಲಿಯೇ ಅತ್ತ ಕಾಳೀನದಿಗೆ ಆಣೆಕಟ್ಟು ಏಳುತ್ತಲಿತ್ತು. ಅದರ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು. ತಾಲೂಕಿನ ಠಾಣ್ಯವು ಜೋಯಿಡಾಕ್ಕೆ ಹೋಯಿತು. ಅನೇಕ ಸಂಸಾರಗಳು ರಾಮನಗರದಲ್ಲಿ ಹೊಸ ಬಾಳನ್ನು ಹೂಡಿದವು. ಅವರಿಗಾಗಿ ಯಾವ ಪರರಾಷ್ಟ್ರದ ಶಾಸನಸಭೆಯೂ ಹಣವನ್ನು ಎತ್ತಿಡಲಿಲ್ಲ. ಪರರ ಕನಿಕರವು ಎಲ್ಲರ ಮನೆಗೂ ಸಮನಾಗಿ ಬರುವದಿಲ್ಲ. ಬಂದ ಮನೆಯಲ್ಲಿಯೂ ನಿಲ್ಲುವದೆಂಬ ನಂಬುಗೆಯಿಲ್ಲ.

ಹಾಗೆಂದು ಪರದೇಶದ ನೆರವು ಕೆಟ್ಟದ್ದು, ಅದು ನಿಂತುದೇ ಒಳ್ಳೆಯದಾಯಿತು ಎಂದು ನುಡಿಯುವದು ಅವಿಚಾರದ ಮಾತಾಗುವದು. ೧೯೬೫, ೧೯೬೬ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ನರು ಭಾರತಕ್ಕೆ ಬರುವ ಗೋದಿಯ ಹಡಗುಗಳನ್ನು ತಿಂಗಳು ತಿಂಗಳಿಗೆ ಅಳೆದು ಬಿಡುತ್ತಿದ್ದಾಗ ಆ ಅಪಮಾನವೇ ಹಸಿರು ಕ್ರಾಂತಿಗೆ ಚಬುಕಾಯಿತೆಂಬುದು ದಿಟ. ಆದರೆ ಭಾರತಕ್ಕೆ ಗಂಗೆ ಗೋದಾವರಿಗಳ ಬಯಲಿದ್ದಿತು, ತನ್ನದೆಂಬ ಸರಕಾರವಿದ್ದಿತು. ದೇಶವನ್ನೇ ಕಳೆದುಕೊಂಡವರಿಗೆ ಆ ಉಪಾಯವಿಲ್ಲ. ಮುಂಡಗೋಡದ ಅಡವಿಯು ಹೊಲವಾಗುವದಕ್ಕೆ ಹತ್ತು ಹದಿನೈದು ವರ್ಷಗಳ ಎಡೆಬಿಡದ ನೆರವು ಬೇಕಾಯಿತು; ೧೯೬೮ರಲ್ಲಿಯೇ ಯಾರಾದರೂ ಅದನ್ನು ತೊಂಬತ್ತು ದಿವಸ ತಡೆಹಿಡಿದಿದ್ದರೆ ಅಲ್ಲಿ ಇಂದು ಸಾಗವಾನಿಯ ಪೊದೆಗಳಷ್ಟೇ ಇರುತ್ತಿ­ದ್ದವು. ಆದಕಾರಣ ನೆರವನ್ನು ಕೊಡುವವನು ಹೋಗುವ ದಿವಸವನ್ನು ಮೊದಲೇ ಹೇಳಿ, ಬೇರು ಬಿಟ್ಟ ಮೇಲೆ ಹೋಗಬೇಕು. ಪಡೆಯುವವನು ಅವನು ಹೋಗುವನೆಂಬುದನ್ನು ನೆನಪಿನಲ್ಲಿಟ್ಟು, ಬಂದುದರಲ್ಲಿ ಒಂದು ಪಾಲನ್ನಾದರೂ ಬಾವಿಯಾಗಿಯೋ ಸಂಘವಾಗಿಯೋ ಮಾಡಿಕೊಳ್ಳಬೇಕು.

ಅರುವತ್ತು ವರ್ಷಗಳಲ್ಲಿ ಮುಂಡಗೋಡದ ಕ್ಯಾಂಪುಗಳಿಗೆ ಸಂಸ್ಥೆಗಳು ಬಂದವು, ಹೋದವು. ಅಧ್ಯಕ್ಷರು ಬಂದರು, ಹೋದರು. ಕರ್ನಾಟಕವು ಗುತ್ತಿಗೆಗೆ ಕೊಟ್ಟ ನೆಲವು ಅಲ್ಲಿಯೇ ಇದೆ. ಅದರ ಗುತ್ತಿಗೆಯು ಕಾಲಕಾಲಕ್ಕೆ ಸರಿಯಾಗಿ ನವೀಕರಿಸಲ್ಪಡುವದೋ ಇಲ್ಲವೋ, ಅಲ್ಲಿಯ ಮಕ್ಕಳು ಕನ್ನಡವನ್ನು ಚೆನ್ನಾಗಿ ಕಲಿತು ಇಲ್ಲಿಯೇ ಉದ್ಯೋಗವನ್ನು ಕಾಣುವರೋ ಇಲ್ಲವೋ ಎಂಬುದು ವಾಷಿಂಗ್ಟನ್ನಿನಲ್ಲಿ ತೀರ್ಮಾನವಾಗುವ ಮಾತಲ್ಲ. ಕಾರವಾರದಲ್ಲಿಯೂ ಬೆಂಗಳೂರಿನಲ್ಲಿಯೂ ತೀರ್ಮಾನವಾಗತಕ್ಕ ಮಾತು.